ಅಕ್ಕೋರ ಮೊಂಡಮೂತಿ

ನಮ್ಮ ಅಕ್ಕೋರು ಸಿಟ್ಟು ಬಂದರೆ ಕನ್ನಡಕ ತೆಗೆದು ತಲೆಯ ಮೇಲೆ ಏರಿಸುತ್ತಿದ್ದರು. ಸಿಟ್ಟು ಇಳಿದ ಮೇಲೆ ಅದೇ ಕನ್ನಡಕವನ್ನು ಮೇಜಿನ ಮೇಲೆ, ಖಾನೆಯಲ್ಲಿ, ಕೊನೆಗೆ ನಮ್ಮ ನಮ್ಮ ಚೀಲಗಳಲ್ಲಿಯೂ ಹುಡುಕುತ್ತಿದ್ದರು. ತಲೆಯ ಮೇಲಿದೆ ಎಂದು ಹೇಳುವ ಧೈರ್ಯ ಹುನಗುಂದದ ನಮ್ಮ ಹೈಸ್ಕೂಲಿನಲ್ಲಿ ಯಾರಿಗೂ ಇರಲಿಲ್ಲ. ಹೊಸದಾಗಿ ವಿಜ್ಞಾನದ ಶಿಕ್ಷಕಿಯಾಗಿ ಸೇರಿದ್ದ ನಾನು ತಿಳಿಯದೆ ಹೇಳಿಬಿಟ್ಟೆ. ಇಡೀ ಸ್ಟಾಫ್ ರೂಮು ಉಸಿರು ಹಿಡಿದು ಕುಳಿತಿತು. ಅಕ್ಕೋರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀ ಬದುಕ್ತೀ ನೋಡವಾ” ಎಂದರು. ನಮ್ಮ ಸ್ನೇಹ ಶುರುವಾದದ್ದು ಹಾಗೆ.

ಕಳೆದ ಶ್ರಾವಣದಲ್ಲಿ ಅವರು ತೀರಿಕೊಂಡರು. ಅಳುತ್ತ ಬರೆಯಬೇಕಾದಂಥ ಬದುಕಲ್ಲ ಅವರದು. ನೆನೆದರೆ ಮೊದಲು ನಗುವೇ ಬರುತ್ತದೆ.

ನಮ್ಮ ಕಡೆ ಸಾಲೆಯ ಶಿಕ್ಷಕಿಯೆಂದರೆ ಅಕ್ಕೋರು; ಇವರು ಗಣಿತ ಕಲಿಸುತ್ತಿದ್ದರು. ಉತ್ತರ ಸರಿ ಇದ್ದರೂ ಹಂತ ಬರೆಯದ ಮಕ್ಕಳಿಗೆ ಅಂಕವಿಲ್ಲ. “ಉತ್ತರ ಬಂತಂತ ಕುಣೀಬ್ಯಾಡ. ಹ್ಯಾಂಗ ಬಂತು ತೋರಸು” ಎನ್ನುವುದು ತರಗತಿಯಲ್ಲಷ್ಟೇ ಅಲ್ಲ, ತರಕಾರಿ ಮಾರುವವಳ ಮುಂದೆಯೂ ಅವರ ಮಾತು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ, “ಸಾಲಿಗೆ ರಜಾನ ಸಿಗಲಿಲ್ಲ, ಯಾವಾಗ ಆಗಲಿ?” ಎನ್ನುತ್ತಿದ್ದರು. ಬಾದಾಮಿಯ ಅವರ ಮನೆತನ ತಲೆತಲಾಂತರದಿಂದ ಪಾಠ, ಪುರಾಣ ಹೇಳಿಕೊಂಡು ಬಂದದ್ದು. “ನಮ್ಮ ಮನಿತನದಾಗ ನಾಲಿಗಿ ಬಿಟ್ಟರ ಬ್ಯಾರೆ ಏನೂ ಓಡಿಸಿದವರಿಲ್ಲ” ಎಂದು ತಾವೇ ಹೇಳಿ ತಾವೇ ನಗುತ್ತಿದ್ದರು. ಅಂಥ ಮನೆತನದ ಹೆಣ್ಣುಮಗಳು ನಿವೃತ್ತಿಯಾದ ಮೇಲೆ ತುಕ್ಕು ಹಿಡಿದ ಪಿಕಪ್ಪು ಗಾಡಿಯೊಂದನ್ನು ಕೊಂಡಾಗ ಹುನಗುಂದದ ಮಂದಿ ತಲೆಗೊಂದು ಮಾತಾಡಿದರು. ತಪ್ಪೇನೂ ಇಲ್ಲ. ನಾನೂ ಆಡಿದೆ.

ಆದದ್ದು ಹೀಗೆ. ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆ ಸೀರೆ ತರಲು ನಾವಿಬ್ಬರೂ ಇಳಕಲ್ಲಿಗೆ ಹೋಗಿದ್ದೆವು. ಸೀರೆಯಾಯಿತು, ಚಹಾ ಕುಡಿಯೋಣವೆಂದು ಊರ ಹೊರಗಿನ ರಸ್ತೆಗೆ ಬಂದೆವು. ಅಲ್ಲೊಂದು ಕಲ್ಲು ಪಾಲಿಶ್ ಮಾಡುವ ಕಾರಖಾನೆ. ಅದರ ಹಿತ್ತಲಲ್ಲಿ ಜಾಲಿಕಂಟಿಯ ನಡುವೆ ಒಂದು ಹಳೆಯ ಗಾಡಿ ನಿಂತಿತ್ತು. ಎಂಜಿನ್ನು ಸೀಟಿನ ಅಡಿಗೇ ಇರುವುದರಿಂದ ಮುಂದೆ ಮೂಗೇ ಇಲ್ಲದ, ಗೋಡೆಗೆ ಮುಖ ಜಜ್ಜಿಕೊಂಡಂತಿದ್ದ ಮೊಂಡಮೂತಿಯ ಪಿಕಪ್ಪು. ಅಕ್ಕೋರು ಕೈಯಲ್ಲಿದ್ದ ಚಹಾದ ಬಸಿಯನ್ನು ನನಗೆ ಕೊಟ್ಟು ನೆಟ್ಟಗೆ ಮುಳ್ಳಿನೊಳಗೆ ನಡೆದರು. ಉಟ್ಟಿದ್ದು ಒಳ್ಳೆಯ ಸೀರೆ. ನಾನು ಹಿಂದಿನಿಂದ ಕೂಗುತ್ತಲೇ ಇದ್ದೆ. ಅವರು ಬಾಗಿಲು ಎಳೆದರು, ಬಾಗಿಲು ಕೈಗೇ ಬಂತು. ಒಳಗೆ ಬಗ್ಗಿ ನೋಡಿ, “ಇಲ್ಲೇ ಅದ, ಇಲ್ಲೇ ಅದ” ಎಂದು ಕೂಗಿದರು.

ಸೀಟಿನ ಎದುರಿನ ತಗಡಿಗೆ ಎತ್ತಿನ ಲಾಳವೊಂದನ್ನು ಬೆಸುಗೆ ಹಾಕಿ ಕೂಡಿಸಿದ್ದರು. ಅಕ್ಕೋರು ಅದನ್ನು ಬೆರಳಿನಿಂದ ಸವರುತ್ತ ನಿಂತರು. “ಇದು ನನ್ನ ಛತ್ರಿ ಸಿಗಿಸೋ ಕೊಂಡಿ. ನನ್ನ ಸಲುವಾಗೇ ಮಾಡಿಸಿದ್ದ ಅಣ್ಣಾ.”

ಆ ಅಣ್ಣನ ಕಥೆಯನ್ನು ವಾಪಸು ಬರುವ ಬಸ್ಸಿನಲ್ಲಿ ಹೇಳಿದರು. ಅವರಿಗೆ ಮೊದಲು ನೌಕರಿ ಸಿಕ್ಕಿದ್ದು ಬೇವೂರಿನ ಆಚೆಗಿನ ಒಂದು ಹಳ್ಳಿಯ ಸಾಲೆಯಲ್ಲಿ. ಬಸ್ಸು ಕ್ರಾಸಿನವರೆಗೆ ಮಾತ್ರ, ಮುಂದೆ ಎರೆಹೊಲದ ದಾರಿಯಲ್ಲಿ ನಡಿಗೆ. ಆ ಊರಿನ ಬೀರಪ್ಪ ದೇವರ ಒಕ್ಕಲಿನ ಒಬ್ಬ ಕುರಿಗಾರ ಆಗ ತಾನೇ ಈ ಗಾಡಿ ಕೊಂಡಿದ್ದ. ಕುರಿ, ಉಣ್ಣೆ, ಸಂತೆಯ ಸಾಮಾನು ಹೇರುತ್ತಿದ್ದ. ಮೊದಲ ಸೋಮವಾರವೇ ಕ್ರಾಸಿನಲ್ಲಿ ಗಾಡಿ ನಿಲ್ಲಿಸಿ, “ಅಕ್ಕೋರ, ಹತ್ರಿ” ಎಂದನಂತೆ. ಮುಂದೆ ವರ್ಗವಾಗುವವರೆಗೂ ಒಂದು ಸೋಮವಾರವೂ ತಪ್ಪಲಿಲ್ಲ. ಹಿಂದೆ ಜಾಗವಿಲ್ಲದ ದಿನ ಕುರಿಮರಿಯನ್ನು ಇವರ ತೊಡೆಯ ಮೇಲೆ ಇಡುತ್ತಿದ್ದ. ತರಗತಿಗೆ ಹೋದರೆ ಮಕ್ಕಳು ಮೂಗು ಮುಚ್ಚಿಕೊಂಡು ನಗುತ್ತಿದ್ದರು. ಬಾಡಿಗೆ ಕೊಡಹೋದರೆ, “ನಮ್ಮ ಹುಡುಗರಿಗೆ ಮಗ್ಗಿ ಬರ್ತಾವಲ್ರಿ, ಸಾಕು” ಎನ್ನುತ್ತಿದ್ದ.

“ವರ್ಗ ಆದ ಮ್ಯಾಲೆ ಒಮ್ಮೆನೂ ಆ ಕಡೆ ಹೋಗಲಿಲ್ಲ ನೋಡು. ಇವತ್ತ ಹೋಗೋಣು, ನಾಳೆ ಹೋಗೋಣು ಅಂತ ನೌಕರಿನೇ ಮುಗೀತು” ಎಂದರು. ಆಮೇಲೆ, “ಈ ಗಾಡಿನ ಮೊದಲಿದ್ದಂಗ ಮಾಡಿ, ಅವನ ಅಂಗಳದಾಗ ಒಯ್ದು ನಿಲ್ಲಸಬೇಕು. ಒಂದು ಸ್ಕ್ರೂ ಹೆಚ್ಚುಕಡಿಮಿ ಇರಬಾರದು” ಎಂದರು. ಆ ದಿನದಿಂದ ಅವರಿಗೆ ಇದೊಂದೇ ಧ್ಯಾನ.

ಕಾರಖಾನೆಯ ಮಾಲೀಕರು ನಗುಮುಖದ ಮನುಷ್ಯ. ಕೆಟ್ಟು ನಿಂತ ಗಾಡಿಯನ್ನು ಗುಜರಿಗೆ ಕೊಡಲು ಮನಸ್ಸಿಲ್ಲದೆ ಇಟ್ಟುಕೊಂಡಿದ್ದರು. ಅಕ್ಕೋರ ಕಥೆ ಕೇಳಿ ಒಪ್ಪಿದರು. ನನ್ನ ಕಡೆ ನೋಡಿ, “ಮಗಳೇನ್ರಿ?” ಎಂದು ಕೇಳಿದರು.

“ಅಲ್ಲ, ನಮ್ಮ ಡ್ರೈವರ” ಎಂದರು ಅಕ್ಕೋರು.

ಅದು ಖರೆಯೇ. ನನ್ನ ಅಪ್ಪ ಬಸ್ಸಿನ ಡ್ರೈವರ್ ಆಗಿದ್ದವರು, ನನಗೆ ಎಲ್ಲ ಗಾಡಿಯನ್ನೂ ಕಲಿಸಿದ್ದರು. ಅಕ್ಕೋರಿಗೆ ಸೈಕಲ್ಲೂ ಬರುತ್ತಿರಲಿಲ್ಲ. ಆದರೂ ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡ ನನಗೆ ಆ ಮಾತು ಸಣ್ಣದಾಗಿ ಚುಚ್ಚಿತು. ಮುಂದೆ ಎಲ್ಲಿ ಹೋದರೂ ಅದೇ ಪ್ರಶ್ನೆ, ಅದೇ ಉತ್ತರ. ನಾನೂ ನಗುವುದನ್ನು ಕಲಿತೆ.

ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದೊಯ್ಯುವ ಹೊತ್ತಿನಲ್ಲಿ ಮಾಲೀಕರು ಒಳಗೆ ಕೈ ಹಾಕಿ ಗೇರಿನ ಹಿಡಿಕೆಯ ತುದಿಯ ಗುಂಡನ್ನು ತಿರುವಿ ಬಿಚ್ಚಿ ಕಿಸೆಗೆ ಹಾಕಿಕೊಂಡರು. “ಅದ್ಯಾಕ್ರಿ?” ಎಂದರೆ, “ಇರ್ಲಿ ಬಿಡ್ರಿ” ಎಂದು ಒಳಗೆ ಹೋದರು. ಇಷ್ಟು ದೊಡ್ಡ ಕಾರಖಾನೆ ಇಟ್ಟುಕೊಂಡು ಇಷ್ಟು ಸಣ್ಣ ಬುದ್ಧಿಯೇ ಎಂದು ನನಗೆ ಮೈಯೆಲ್ಲ ಉರಿಯಿತು.

ಗಾಡಿ ಬಾಗಲಕೋಟೆಯ ಒಂದು ಗ್ಯಾರೇಜು ಸೇರಿತು. ಅಲ್ಲಿಯ ಮಿಸ್ತ್ರಿ ಅಕ್ಕೋರ ಹಳೆಯ ಶಿಷ್ಯ. ಇದು ಒಳ್ಳೆಯದೋ ಕೆಟ್ಟದ್ದೋ ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಅಕ್ಕೋರು ಒಳಗೆ ಕಾಲಿಟ್ಟರೆ ಗಾಡಿಯ ಕೆಳಗೆ ಮಲಗಿದ್ದವನು ಹೊರಬಂದು ಕೈಕಟ್ಟಿ ನಿಲ್ಲುತ್ತಿದ್ದ. “ಮಲಕೋಳೋ ಮಾರಾಯಾ, ನೀ ಎದ್ದು ನಿಂತರ ಗಾಡಿ ಯಾರು ಬಿಚ್ಚಬೇಕು?” ಎಂದು ಇವರು ಗದರಿಸುತ್ತಿದ್ದರು. ಬಾಯಲ್ಲಿದ್ದ ಗುಟ್ಕಾ ಉಗುಳಲೂ ಆಗದೆ ನುಂಗಲೂ ಆಗದೆ ಅವನು ಒದ್ದಾಡುವುದು ನನಗೊಬ್ಬಳಿಗೇ ಕಾಣುತ್ತಿತ್ತು. ಅಕ್ಕೋರು ಒಂದು ಸ್ಟೂಲು ಹಾಕಿಕೊಂಡು ಕುಳಿತು, ಬಿಚ್ಚಿದ ನಟ್ಟು ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಗಾತ್ರದ ಪ್ರಕಾರ ಸಾಲಾಗಿ ಇಡುತ್ತಿದ್ದರು. ಮಧ್ಯಾಹ್ನ ಮೂವರೂ ಗಾಡಿಯ ಹಿಂದೆ ಸಾಮಾನು ಹೇರುವ ಡಾಲೆಯ ಮೇಲೆ ಕುಳಿತು ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತಿದ್ದೆವು. ಬಣ್ಣ ಕೆರೆಯುತ್ತ ಹೋದಂತೆ ಹಸಿರು ಬಂತು, ಅದರ ಕೆಳಗೆ ಕೆಂಪು, ಎಲ್ಲದರ ಕೆಳಗೆ ಆಕಾಶದ ನೀಲಿ. ನೀಲಿ ಕಂಡ ದಿನ ಅಕ್ಕೋರು ಅಮೀನಗಡದ ಕರದಂಟು ತಂದು ಗ್ಯಾರೇಜಿಗೆಲ್ಲ ಹಂಚಿದರು.

ಎಂಜಿನ್ನು ಎದ್ದು ಕೂತಿತು, ಬ್ರೇಕು ಹಿಡಿಯಿತು. ಆದರೆ ಮೂರು ಸಾಮಾನು ಇರಲಿಲ್ಲ. ಗೇರಿನ ಗುಂಡು ಎಲ್ಲಿ ಹೋಯಿತೆಂದು ಗೊತ್ತಿತ್ತು. ಬಾಗಿಲಿನ ದುಂಡು ಕನ್ನಡಿ ಮತ್ತು ರಬ್ಬರ್ ಬುಡ್ಡಿ ಹಿಚುಕಿದರೆ ಕೂಗುವ ಹಳೆಯ ಹಾರ್ನು ಎಲ್ಲಿ ಹೋದವೋ ತಿಳಿಯದು. “ಯಾರೋ ಕದ್ದಾರ್ರಿ ಅಕ್ಕೋರ, ಬಜಾರದಾಗಿಂದು ಹಾಕ್ತೇನಿ” ಎಂದ ಮಿಸ್ತ್ರಿ. ಕನ್ನಡಕ ತಲೆಯ ಮೇಲೆ ಏರಿತು. “ಹಂತ ಬಿಟ್ಟು ಉತ್ತರ ಬರಿಯೋ ಚಾಳಿ ಇನ್ನೂ ಬಿಟ್ಟಿಲ್ಲ ನೀನು. ಅಣ್ಣನಿಂದ ಇಳಕಲ್ಲಿಗೆ ಗಾಡಿ ಹಾರಿ ಬಂತೇನು? ನಡುವ ಯಾರಿದ್ದರು?”

ಇಳಕಲ್ಲಿನವರಿಗೆ ಫೋನು ಮಾಡಿದರೆ ಗುಳೇದಗುಡ್ಡದ ನೇಕಾರರ ಮನೆಯೊಂದನ್ನು ಹೇಳಿದರು. ಗಾಡಿಯನ್ನು ಗ್ಯಾರೇಜಿನಲ್ಲೇ ಬಿಟ್ಟು ನಾವಿಬ್ಬರೂ ಬಸ್ಸಿನಲ್ಲಿ ಹೋದೆವು. ಓಣಿಗೆ ಕಾಲಿಟ್ಟರೆ ಮನೆಮನೆಯಿಂದಲೂ ಮಗ್ಗದ ಸದ್ದು. ಆ ಮನೆಯ ಯಜಮಾನರು ಮಗ್ಗದಿಂದ ಎದ್ದು ಬಂದು ನೀರು ಕೊಟ್ಟರು. ಗಾಡಿಯ ಮಾತೆತ್ತಿದ ಕೂಡಲೇ ಮುಖ ಅರಳಿತು. ನೂಲಿನ ಗಂಟು, ಕುಪ್ಪಸದ ಖಣದ ಥಾನು ಎಲ್ಲ ಅದರಲ್ಲೇ ಓಡಾಡಿದ್ದವಂತೆ. ನನ್ನನ್ನು ತೋರಿಸಿ, “ಮಗಳೇನ್ರಿ?” ಎಂದರು. “ಡ್ರೈವರ” ಎಂದರು ಅಕ್ಕೋರು. ಆಗ ನನ್ನ ಕಣ್ಣು ಮೇಲೆ ಹೋಯಿತು. ಮಗ್ಗದ ಪಕ್ಕದ ಗೋಡೆಗೆ ನಮ್ಮ ದುಂಡು ಕನ್ನಡಿ ತೂಗುತ್ತಿತ್ತು. ಅದರ ಮುಂದೆ ಸೊಸೆ ಬೈತಲೆ ತೆಗೆದುಕೊಳ್ಳುತ್ತಿದ್ದಳು.

“ಅದು ಗಾಡಿದಲ್ರಿ?” ಎಂದೆ ನಾನು, ಕಳ್ಳರನ್ನು ಹಿಡಿದ ಪೊಲೀಸರ ದನಿಯಲ್ಲಿ.

“ಹೌದ್ರಿ ಮತ್ತ” ಎಂದರು ಅವರು, ಇದರಲ್ಲಿ ಕೇಳುವುದೇನಿದೆ ಎನ್ನುವಂತೆ. “ಎತ್ತು ಮಾರಿದ್ರ ಹಗ್ಗ ಯಾರರ ಕೊಡ್ತಾರೇನ್ರಿ? ಹಗ್ಗ ಮನ್ಯಾಗ ಉಳಿಬೇಕು. ಇಲ್ಲಂದ್ರ ಎತ್ತಿನ ಬೆನ್ನ ಹತ್ತಿ ಮನಿ ಲಕ್ಷ್ಮಿನೂ ಹೋಗ್ತಾಳ. ನಮಗ ಮಾರುವಾಗ ಬೇವೂರ ಕಡಿಯವರು ಹಾರನ್ನ ಬಿಚ್ಚಿ ಇಟ್ಕೊಂಡ್ರು. ಗಾಡಿಗೂ ಹಂಗ ಮಾಡೂದು ಛಲೋ ಅಂತ ನಾವೂ ಕನ್ನಡಿ ಇಟ್ಕೊಂಡ್ವಿ.”

ಗುಂಡು ಬಿಚ್ಚಿಟ್ಟುಕೊಳ್ಳುವುದನ್ನು ಇಳಕಲ್ಲಿನವರು ಇವರನ್ನು ನೋಡಿಯೇ ಕಲಿತಿದ್ದರು. ನನ್ನ ಸಿಟ್ಟೆಲ್ಲ ಅಲ್ಲೇ ಕರಗಿತು. ಅಕ್ಕೋರು ತೊಡೆ ತಟ್ಟಿ ನಕ್ಕರು. “ಅಂದ್ರ ಹಾರನ್ನು ಅಣ್ಣನ ಹತ್ರನೇ ಅದ!”

“ಹಾರನ್ ಐತ್ರಿ” ಎಂದರು ನೇಕಾರರು, ದನಿ ತಗ್ಗಿಸಿ. “ಅವರಿಲ್ಲ. ತೀರಿಕೊಂಡು ಕೆಲವು ವರ್ಷ ಆತ್ರಿ.”

ಬಾಗಲಕೋಟೆಯಲ್ಲಿ ಬಸ್ಸು ಇಳಿಯುವಾಗ ಅಕ್ಕೋರು, “ಹೋಗೋದಂತೂ ಹೋಗೋದೇ. ಅವನ ಮನಿ ಅದ, ಅಂಗಳ ಅದ” ಎಂದಷ್ಟೇ ಹೇಳಿದರು.

ಗೇರಿಗೆ ಬಟ್ಟೆ ಸುತ್ತಿ, ಬಜಾರಿನ ಕನ್ನಡಿ ಕಟ್ಟಿ, ಹಾರ್ನಿನ ಜಾಗ ಖಾಲಿ ಬಿಟ್ಟು ಒಂದು ಬೆಳಿಗ್ಗೆ ಹೊರಟೆವು. ಆ ಕ್ರಾಸಿನ ದಾರಿ ಈಗ ಡಾಂಬರು. ಅಕ್ಕೋರು ಲಾಳಕ್ಕೆ ಕೊಡೆ ಸಿಗಿಸಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕುಳಿತಿದ್ದರು. ದಾರಿಯಲ್ಲಿ ನಾನು ಕೇಳಿದೆ, “ಹಾರನ್ ಕೇಳ್ತೀರೇನ್ರಿ?” ಗುಳೇದಗುಡ್ಡದಲ್ಲಿ ಕನ್ನಡಿಗಾಗಿ ಅರ್ಧ ತಾಸು ವಾದ ಮಾಡಿ ಸೋತು ಬಂದವರು ಅವರು. ಈಗ, “ಗಂಡ ಬಿಟ್ಟು ಹೋದ ಹಗ್ಗನ ಹ್ಯಾಂಗ ಕೇಳಲಿ?” ಎಂದರು. ಹಾರ್ನಿಲ್ಲದೆ ಗಾಡಿ ಪೂರ್ತಿಯಾಗದು, ಕೇಳಲು ಬಾಯಿ ಬಾರದು. ಅವರ ಸಂಕಟ ನನಗೆ ತಿಳಿಯುತ್ತಿತ್ತು.

ಅಂಗಳದಲ್ಲಿ ಗಾಡಿ ನಿಂತಾಗ ಮುದುಕಿಯೊಬ್ಬಳು ಹೊರಗೆ ಬಂದಳು. ಅವಳೇ ಆ ಅಣ್ಣನ ಹೆಂಡತಿ. ಗಾಡಿಯನ್ನು ನೋಡಿದಳು, ಒಂದೂ ಮಾತಾಡದೆ ಒಳಗೆ ಹೋಗಿ ತಂಬಿಗೆ ನೀರು ತಂದು ನಾಲ್ಕೂ ಗಾಲಿಗೆ ಹಾಕಿದಳು. ಹೊಲದಿಂದ ಬಂದ ಎತ್ತಿನ ಕಾಲಿಗೆ ಹಾಕಿದಂತೆ. ಆಮೇಲೆ ಅಕ್ಕೋರ ಮುಖವನ್ನು ಕಣ್ಣು ಕಿರಿದು ಮಾಡಿ ನೋಡಿ, “ಕುರಿಮರಿ ತೊಡಿಮ್ಯಾಲ ಇಟ್ಕೊಂಡ ಬರ್ತಿದ್ದ ಅಕ್ಕೋರಲ್ರಿ ನೀವು?” ಎಂದಳು. ಅಕ್ಕೋರು ತಲೆಯಾಡಿಸಿದರು.

ಒಳಗೆ ದೇವರ ಜಗಲಿಯ ಮೇಲೆ, ಬೀರಪ್ಪನ ಪಕ್ಕದಲ್ಲಿ ಹಾರ್ನು ಇತ್ತು. ದಿನವೂ ಭಂಡಾರ ಹಚ್ಚಿ ಹಚ್ಚಿ ಅರಿಶಿಣದ ಬಣ್ಣಕ್ಕೆ ತಿರುಗಿತ್ತು. ಮುದುಕಿ ಹೇಳಿದಳು, “ಕ್ರಾಸಿಗೆ ಬಂದಾಗ ಒಮ್ಮೆ ಹೊಡೀತಿದ್ದ್ರು. ಅದನ್ನ ಕೇಳೇ ನಾ ಹಂಚು ಇಡ್ತಿದ್ದೆ. ಬರೂದರಾಗ ರೊಟ್ಟಿ ಬಿಸಿ ಇರ್ತಿತ್ತು.” ಅಕ್ಕೋರು ಹಾರ್ನಿನ ಕಡೆ ನೋಡಲೂ ಇಲ್ಲ. ಊಟ ಮಾಡಿದರು, ಹಳೆಯ ಮಾತಾಡಿದರು, ಹೊರಡಲು ಎದ್ದರು. ಚೀಲದಿಂದ ತೆಂಗಿನಕಾಯಿ ತೆಗೆದು ಜಗಲಿಗೆ ಇಟ್ಟು, “ಭಾಳ ತಡಾ ಮಾಡಿ ಬಂದೆ ಅಣ್ಣಾ” ಎಂದು ಗಟ್ಟಿಯಾಗಿಯೇ ಹೇಳಿದರು.

“ನಿಲ್ರಿ” ಎಂದಳು ಮುದುಕಿ. ಸೊಸೆಯನ್ನು ಕರೆದಳು. ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಬೇರು, ಒಂದು ಖಣ ತರಿಸಿದಳು. ಅಕ್ಕೋರಿಗೆ ಗಾಬರಿಯಾಯಿತು. “ಬ್ಯಾಡವಾ, ನನಗೆ ಮದುವಿ ಆಗಿಲ್ಲ. ಉಡಿ ತುಂಬೋದು ಮುತ್ತೈದೇರಿಗೆ.”

“ಆಗದಿದ್ರ ಏನಾತು? ಮನಿಮಗಳನ್ನ ಬರೇ ಉಡಿಲೆ ಕಳಸ್ತಾರೇನು? ಸೆರಗು ಹಿಡಿ ನೀ” ಎಂದಳು ಮುದುಕಿ. ಅದುವರೆಗೆ ‘ನೀವು’ ಎನ್ನುತ್ತಿದ್ದವಳು ಆಗ ‘ನೀ’ ಎಂದಳು. ಸೊಸೆ ಉಡಿ ತುಂಬಿದಳು. ಮುದುಕಿ ಜಗಲಿಯ ಮೇಲಿನ ಹಾರ್ನನ್ನು ಎರಡೂ ಕೈಯಿಂದ ಎತ್ತಿ, ಕಣ್ಣಿಗೆ ಒತ್ತಿಕೊಂಡು, ಅಕ್ಕಿಯ ಮೇಲೆ ಇಟ್ಟಳು.

“ಹಗ್ಗ ಕೊಡಬಾರದಲ್ಲವಾ” ಎಂದರು ಅಕ್ಕೋರು.

“ಮಾರಿದ್ರ ಹಗ್ಗ ಇಟ್ಕೋತೀವಿ. ಮಗಳಿಗೆ ಆಕಳ ಕೊಟ್ರ ಹಗ್ಗದ ಸಮೇತ ಕೊಡ್ತೀವಿ. ಮಗಳ ಮನಿಗೆ ಹೋದ ಲಕ್ಷ್ಮಿ ಎಲ್ಲಿ ಹೋದಂಗಾತು?”

ಇಡೀ ಹುನಗುಂದವನ್ನು ಹೆದರಿಸಿದ ಹೆಣ್ಣುಮಗಳು ಉಡಿ ಹಿಡಿದುಕೊಂಡು ಚಿಕ್ಕ ಹುಡುಗಿಯಂತೆ ಅತ್ತರು. ಕ್ರಾಸಿಗೆ ಬಂದಾಗ ನಾನು ಗಾಡಿ ನಿಲ್ಲಿಸಿದೆ. ಅಕ್ಕೋರು ಹಾರ್ನನ್ನು ಕಿಟಕಿಯಿಂದ ಹೊರಗೆ ಹಿಡಿದು ಊರಿನ ಕಡೆಗೆ ಒಮ್ಮೆ ಹಿಚುಕಿದರು. ಕತ್ತೆ ಕೆಮ್ಮಿದಂಥ ಸದ್ದು. ಇಬ್ಬರೂ ನಕ್ಕೆವು.

ಮುಂದಿನದು ಸುಲಭವಾಯಿತು. ಹಾರ್ನು ಸಿಗಿಸಿದ ಗಾಡಿ ತಮ್ಮ ಓಣಿಗೆ ಬಂದದ್ದನ್ನು ನೋಡಿ ಗುಳೇದಗುಡ್ಡದ ನೇಕಾರರು ನಡೆದದ್ದೆಲ್ಲ ಕೇಳಿದರು. “ಅವರಿಗೆ ಮಗಳು, ನಮಗ ಹೊರಗಿನವರೇನು?” ಎಂದು ಗೋಡೆಯ ಕನ್ನಡಿ ಇಳಿಸಿಕೊಟ್ಟರು. ಸೊಸೆ ಮಾತ್ರ ಮುಖ ಗಂಟು ಹಾಕಿದ್ದಳು. ಅಕ್ಕೋರು ಮರುವಾರವೇ ಅವಳಿಗೆ ಆಳೆತ್ತರದ ಕನ್ನಡಿ ಒಯ್ದು ಕೊಟ್ಟರು. ಇಳಕಲ್ಲಿನವರು ಗುಂಡು ಕೊಡಲಿಲ್ಲ. “ನಮ್ಮ ಧಂದೆ ಇನ್ನೂ ನಡೆದೈತ್ರಿ, ಹಗ್ಗ ಹೆಂಗ ಕೊಡ್ಲಿ? ಬೇಕಾದ್ರ ಹೊಸಾ ಹಗ್ಗ ಕೊಡ್ತೇನಿ” ಎಂದು ಇಳಕಲ್ಲಿನ ಕೆಂಪು ಕಲ್ಲಿನಲ್ಲೇ ಒಂದು ಗುಂಡು ಕಡೆಸಿ ಕೊಟ್ಟರು. ಬೇಸಿಗೆಯಲ್ಲೂ ಅಂಗೈಗೆ ತಣ್ಣಗೆ ಹತ್ತುವ ಗುಂಡು. ಉಡಿಯ ಖಣವನ್ನು ಅಕ್ಕೋರು ಆ ವಾರವೇ ಕುಪ್ಪಸ ಹೊಲಿಸಿಕೊಂಡು ತೊಟ್ಟರು.

ಅವರಿಗೆ ಗಾಡಿ ಕಲಿಸಿದ್ದು ನನ್ನ ಜೀವನದ ದೊಡ್ಡ ಸಾಹಸ. ಹಿಂದಕ್ಕೆ ಹೋಗುವಾಗಲೂ ಮುಂದೆಯೇ ನೋಡುತ್ತಿದ್ದರು. ಬಣವೆಯೊಂದಕ್ಕೆ ಹೊಕ್ಕು ನಿಂತು, “ಅದಕ್ಕ ಅಲ್ಲಿರೋ ಕೆಲಸ ಏನಿತ್ತು?” ಎಂದು ಬಣವೆಗೇ ಬೈದರು. ಆದರೂ ಕಲಿತರು. ಹಿಂದೆ ಬಸ್ಸುಗಳು ಸಾಲುಗಟ್ಟಿ ಹಾರ್ನು ಹೊಡೆದರೆ, “ಹೋಗಲಿ ಬಿಡು, ಮನ್ಯಾಗ ಹೆಂಡತಿ ಕಾಯ್ತಿರಬೇಕು” ಎಂದು ಬದಿಗೆ ಸರಿಯುತ್ತಿದ್ದರು. ಸೋಮವಾರ ಬೆಳಿಗ್ಗೆ ಅಮೀನಗಡದಿಂದ ಐಹೊಳೆಯ ಕಡೆಗೆ ಹೋಗುವ ರಸ್ತೆಯಲ್ಲಿ ಅವರ ನೀಲಿ ಗಾಡಿ ಖಾಯಂ. ಹಳ್ಳಿಯ ಸಾಲೆಗಳಿಗೆ ಹೊಸದಾಗಿ ಬಂದ ಶಿಕ್ಷಕಿಯರು ಬಸ್ಸಿಳಿದು ನಿಂತಿದ್ದರೆ, ಕತ್ತೆ ಕೆಮ್ಮಿದ ಸದ್ದು ಕೇಳುತ್ತಿತ್ತು. “ಅಕ್ಕೋರ, ಹತ್ರಿ.” ಹತ್ತಿದವರು ಲಾಳಕ್ಕೆ ತಮ್ಮ ಚೀಲ ಸಿಗಿಸುತ್ತಿದ್ದರು. ಇಳಿಯುವ ಮೊದಲು ಒಂದು ಲೆಕ್ಕ ಬಿಡಿಸಬೇಕು, ಅದೇ ಬಾಡಿಗೆ. ಹಂತ ಬಿಟ್ಟವರಿಗೆ ಮುಂದಿನ ಸೋಮವಾರದವರೆಗೂ ಬೈಗುಳ.

ಅವರು ತೀರಿಕೊಂಡು ದಿನಕರ್ಮಗಳು ಮುಗಿದ ಮೇಲೆ ಬಾದಾಮಿಯಿಂದ ಬಂದಿದ್ದ ಅವರ ಒಡಹುಟ್ಟಿದ ಅಣ್ಣನ ಮಗ ನನ್ನನ್ನು ಮನೆಗೆ ಕರೆಸಿದರು. ಕಾಲೇಜಿನಲ್ಲಿ ಪಾಠ ಹೇಳುವ ಸೌಮ್ಯ ಮನುಷ್ಯ. “ಗಾಡಿ ನಿಮಗ ಕೊಡಬೇಕಂತ ಅತ್ತಿ ಹೇಳ್ಯಾರ್ರಿ” ಎಂದು ಕೀಲಿ ಕೈಯಲ್ಲಿಟ್ಟರು.

ನಾನು ಗಾಡಿಯ ಬಳಿಗೆ ಹೋದೆ. ಏನಾದರೊಂದನ್ನು ಅವರು ಬಿಚ್ಚಿ ಇಟ್ಟುಕೊಂಡಿರುತ್ತಾರೆ, ಇಟ್ಟುಕೊಳ್ಳಬೇಕಾದದ್ದೇ, ಅದು ಅವರ ಮನೆಯದು ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಒಂದೊಂದನ್ನೇ ಮುಟ್ಟಿ ನೋಡಿದೆ. ಕನ್ನಡಿ ಇತ್ತು. ಹಾರ್ನು ಇತ್ತು, ಅದರ ಸಂದಿಯಲ್ಲಿ ಭಂಡಾರವೂ ಇತ್ತು. ಕೆಂಪು ಕಲ್ಲಿನ ಗುಂಡು ಇತ್ತು. ಎತ್ತಿನ ಲಾಳವಿತ್ತು, ಅದಕ್ಕೆ ಅಕ್ಕೋರ ಕೊಡೆ ಸಿಗಿಸಿದ್ದು ಹಾಗೆಯೇ ಇತ್ತು. ನಾನು ಇನ್ನೊಂದು ಸುತ್ತು ಹಾಕಿದೆ.

“ಏನ ಹುಡುಕ್ಲಿಕ್ಕತ್ತೀರಿ?” ಎಂದರು ಅವರು.

“ನೀವು ಏನೂ ಇಟ್ಕೊಳ್ಳಲಿಲ್ಲೇನ್ರಿ?”

“ಕನ್ನಡಿ ನೆನಪಿಗೆ ಇಟ್ಕೋತೀನಿ ಅಂತ ಕೇಳಿದ್ದೆ. ದವಾಖಾನ್ಯಾಗ ಮಲಗಿದವರು ಎದ್ದು ಕೂತು, ಕನ್ನಡಕ ತಲಿಮ್ಯಾಲ ಏರಿಸಿ ಬೈದರು ನೋಡ್ರಿ. ಒಂದು ಮೊಳಿ ಸುದ್ದಾ ಮುಟ್ಟಬ್ಯಾಡ, ಹಗ್ಗದ ಸಮೇತ ಕೊಡು ಆಕಿಗೆ ಅಂದರು.” ಅವರು ಪೆಚ್ಚಾಗಿ ಗಾಡಿಯ ಹಿಂದಿನ ಡಾಲೆಯ ಕಡೆ ನೋಡಿದರು. “ಎಲ್ಲಾ ಕಡೆ ಹುಡುಕಿದೆ. ಯಾವ ಹಗ್ಗಾನೋ ಏನೋ, ಸಿಗಲಿಲ್ಲರಿ.”

ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತೆ. ಬೇವೂರಿನ ಆಚೆಯ ಆ ಮುದುಕಿಯ ಮಾತು ನೆನಪಾಯಿತು.

“ಸಿಕ್ಕಿತ್ರಿ” ಎಂದೆ.